ನಡುಗುವ ಕೈ, ಬೆಳಗಿದ ದೀಪ

ನಮ್ಮ ಕಾಗಿನೆಲೆಯವರು ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಹೋಗಬೇಕು. ಇಂಥ ಊರಿನಲ್ಲಿ ಹವಳ ಬೆಳೆಸುತ್ತೇನೆಂದು ಮೊಮ್ಮಗಳು ಹಟ ಹಿಡಿದರೆ ಅಜ್ಜನಾದವನು ಏನು ಮಾಡಬೇಕು?

ಏಳನೇ ತರಗತಿಯ ಈ ಹುಡುಗಿ ಶಾಲೆಯ ಪ್ರವಾಸದಲ್ಲಿ ಮುರುಡೇಶ್ವರಕ್ಕೆ ಹೋಗಿ ಬಂದಿದ್ದಳು. ಅಲ್ಲಿಂದ ಆಚೆ ಸಮುದ್ರದಲ್ಲಿ ನೇತ್ರಾಣಿ ದ್ವೀಪವಿದೆ, ಅದರ ಸುತ್ತ ನೀರಿನಡಿ ಹವಳಗಳಿವೆ ಎಂದು ಕೇಳಿಕೊಂಡು ಬಂದವಳಿಗೆ ಮನೆಯಲ್ಲಿ ಅದೇ ಮಾತು.

“ಅಜ್ಜಾ, ನೀಲಿ ಎಲ್‌ಇಡಿ ದೀಪ ಹಾಕಿದ್ರ ಗಾಜಿನ ತೊಟ್ಟಿಯೊಳಗೂ ಹವಳ ಬೆಳಿತಾವಂತ. ನೀ ರೇಡಿಯೋ ರಿಪೇರಿ ಮಾಡ್ತಿದ್ದಿಯಲ್ಲ, ದೀಪ ಮಾಡಿಕೊಡು” ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಹವಳ ಕಲ್ಲಿನಂತೆ ಕಂಡರೂ ಅದು ಪ್ರಾಣಿ. ಅದರ ಮೈಯೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಆ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತದೆ. ಸಮುದ್ರದ ನೀರು ಕೆಂಪು ಬೆಳಕನ್ನು ಮೇಲುಮೇಲಕ್ಕೇ ಹೀರಿಬಿಡುತ್ತದೆ. ನೀಲಿ ಬೆಳಕು ಆಳಕ್ಕೆ ಇಳಿಯುತ್ತದೆ. ಅದಕ್ಕೇ ಹವಳದ ತೊಟ್ಟಿಗೆ ನೀಲಿ ದೀಪ ಹೆಚ್ಚು ಬೇಕು.

ಆದರೆ ನಮ್ಮ ದೇಶದಲ್ಲಿ ಕಲ್ಲು ಹವಳವನ್ನು ಸಮುದ್ರದಿಂದ ಕಿತ್ತು ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಅದೂ ಇದೆ. ಇದನ್ನು ಹೇಳಿದಾಗ ಅವಳ ಮುಖ ಸಣ್ಣದಾಯಿತು. ಎರಡು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ತಾನಾಗಿಯೇ ಬಂದು ಕೇಳಿದಳು:

“ಹಂಗಾದ್ರ ಕೆರ್ಯಾಗಿನ ಗಿಡಕ್ಕ ಬೆಳಕು ಬ್ಯಾಡೇನು?”

ಬೇಕಲ್ಲ! ಮನೆಯಲ್ಲಿದ್ದ ಗಪ್ಪಿ ಮೀನಿನ ತೊಟ್ಟಿಗೆ ಹೈಡ್ರಿಲ್ಲಾ ಗಿಡ ನೆಟ್ಟು, ಅದಕ್ಕೇ ದೀಪ ಕಟ್ಟುವುದೆಂದು ತೀರ್ಮಾನವಾಯಿತು.

ರಾಣೇಬೆನ್ನೂರಿಗೆ ಹೋಗಿ ಒಂದೊಂದು ವ್ಯಾಟಿನ 12 ಎಲ್‌ಇಡಿ ತಂದೆ: 6 ಬಿಳಿ, 3 ಕೆಂಪು, 3 ನೀಲಿ. ಬಿಳಿ ಎಲ್‌ಇಡಿಯ ಹೊಟ್ಟೆಯಲ್ಲೂ ಸಾಮಾನ್ಯವಾಗಿ ನೀಲಿ ದೀಪವೇ ಇರುತ್ತದೆ. ಮೇಲಿನ ಹಳದಿ ಲೇಪದಿಂದ ಅದು ಬೆಳ್ಳಗೆ ಕಾಣುತ್ತದೆ. ನೀಲಿ ಎಲ್‌ಇಡಿ ಮಾಡುವುದು ಬಹಳ ಕಷ್ಟದ ಕೆಲಸವಾಗಿತ್ತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎಲ್‌ಇಡಿಗೆ ಬಿಸಿ ಆಗುವುದಿಲ್ಲ. ಹಾಗಾಗಿ ಕಿಟಕಿಗೆ ಹಾಕುವ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಅವನ್ನು ಕೂರಿಸಿದೆವು. ಬಿಸಿ ಲೋಹಕ್ಕೆ ಹರಡಿ ಆರಿಹೋಗುತ್ತದೆ. ವಿದ್ಯುತ್ತಿಗೆ 12 ವೋಲ್ಟಿನ ಅಡಾಪ್ಟರ್. ಗೋಡೆಯ 230 ವೋಲ್ಟ್ ಮಕ್ಕಳು ಮುಟ್ಟುವಂಥದ್ದಲ್ಲ, ನೀರಿನ ಪಕ್ಕದಲ್ಲಂತೂ ಬೇಡವೇ ಬೇಡ.

ಈಗ ಒಂದು ಲೆಕ್ಕ. ಬಿಳಿ ಅಥವಾ ನೀಲಿ ಎಲ್‌ಇಡಿ ಒಂದಕ್ಕೆ ಸುಮಾರು 3.2 ವೋಲ್ಟ್. ಮೂರನ್ನು ಒಂದರ ಹಿಂದೆ ಒಂದು ಜೋಡಿಸಿದರೆ 9.6. ಹನ್ನೆರಡರಲ್ಲಿ ಉಳಿದ 2.4 ವೋಲ್ಟನ್ನು ತಡೆಯಲು ಒಂದು 10 ಓಮ್ ರೆಸಿಸ್ಟರ್. ಕೆಂಪಿಗೆ 2.2 ವೋಲ್ಟ್ ಸಾಕು, ಅದರ ಸಾಲಿಗೆ 22 ಓಮ್. ಯಾಕೆಂದು ದೊಡ್ಡ ತರಗತಿಯವರು ಓಮ್ ನಿಯಮ ಹಾಕಿ ನೋಡಿ.

ಲೆಕ್ಕ ಮುಗಿಯಿತು, ಸೋಲ್ಡರಿಂಗ್ ಉಳಿಯಿತು. ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಅಂಗಡಿ ಮುಚ್ಚಿದ ಮೇಲೆ ಸೋಲ್ಡರಿಂಗ್ ಕಡ್ಡಿಯನ್ನು ಪೆಟ್ಟಿಗೆಯಿಂದ ತೆಗೆದಿರಲೇ ಇಲ್ಲ. ಅಂದು ಕೈಗೆ ತೆಗೆದುಕೊಂಡೆ, ತುದಿ ನಿಲ್ಲಲಿಲ್ಲ. ಮೊಮ್ಮಗಳು ನೋಡಿದಳು. ಏನೂ ಆಡಲಿಲ್ಲ. ಮೆಲ್ಲಗೆ ಕಡ್ಡಿ ಇಸಿದುಕೊಂಡು, “ನೀ ಹೇಳ್ತಾ ಹೋಗಜ್ಜಾ, ನಾ ಮಾಡ್ತೀನಿ” ಎಂದಳು.

“ಮೊದಲು ತಂತಿ ಬಿಸಿ ಆಗ್ಲಿ ತಂಗಿ, ಆಮ್ಯಾಲ ಸೀಸ ಮುಟ್ಟಸು” ಎಂದು ಹೇಳಿಕೊಟ್ಟೆ. ಮೊದಲ ಬೆಸುಗೆ ಮಂಕಾದ ಗುಂಡಿನಂತಾಯಿತು. ಬಿಚ್ಚಿ ಮತ್ತೆ ಹಾಕಿದಳು. ಐದನೆಯದು ಫಳಫಳ ಹೊಳೆಯಿತು. ನಲವತ್ತು ವರ್ಷ ನನ್ನ ಬೆರಳಲ್ಲಿದ್ದ ಕೆಲಸ ಅವಳ ಬೆರಳಿಗೆ ಇಳಿಯುವುದನ್ನು ಕೂತು ನೋಡಿದೆ. ಕೈ ನಡುಗುವುದು ಆಗ ನೆನಪಿಗೇ ಬರಲಿಲ್ಲ.

ದೀಪ ಹತ್ತಿದ ರಾತ್ರಿ ಆರಿಸಲು ಅವಳಿಗೆ ಮನಸ್ಸಿಲ್ಲ. ಅವಳ ಅಜ್ಜಿ ಒಳಗಿನಿಂದಲೇ ಕೂಗಿದಳು: “ಮೀನಿಗೆ ಕಣ್ಣಿನ ರೆಪ್ಪೆ ಇಲ್ಲ, ಪಾಪ. ಅವಕ್ಕೂ ರಾತ್ರಿ ಬೇಕವ್ವಾ!” ಅಜ್ಜಿಯ ಮಾತು ಸರಿ. ದಿನಕ್ಕೆ ಎಂಟು ತಾಸು ಬೆಳಕು ಸಾಕು. ಅತಿಯಾದರೆ ಗಾಜಿಗೆಲ್ಲ ಪಾಚಿ ಕಟ್ಟುತ್ತದೆ.

ವಾರ ಕಳೆದ ಮೇಲೆ ಹೈಡ್ರಿಲ್ಲಾ ಎಲೆಗಳಿಂದ ಮುತ್ತಿನಂಥ ಗುಳ್ಳೆಗಳು ಏಳತೊಡಗಿದವು. ಅದು ಗಿಡ ಬೆಳಕುಂಡು ಬಿಟ್ಟ ಆಮ್ಲಜನಕ. “ನಮ್ಮ ದೀಪ ಊಟ ಆತಲ್ಲಜ್ಜಾ!” ಎಂದು ಕುಣಿದಳು.

ಮಕ್ಕಳೇ, ಇದನ್ನು ನೋಡಲು ನಿಮಗೆ ಎಲ್‌ಇಡಿಯೂ ಬೇಡ. ಗಾಜಿನ ಬಾಟಲಿಗೆ ನೀರು ತುಂಬಿ ಹೈಡ್ರಿಲ್ಲಾದ ಒಂದು ಟೊಂಗೆ ಹಾಕಿ, ಬಿಸಿಲಿಗಿಟ್ಟು ನಿಮಿಷಕ್ಕೆ ಎಷ್ಟು ಗುಳ್ಳೆ ಏಳುತ್ತವೆ ಎಣಿಸಿ. ಆಮೇಲೆ ನೆರಳಿಗಿಟ್ಟು ಎಣಿಸಿ. ಜೊತೆಗೆ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಳ್ಳಿ. ಗಡಿಯಾರ ನೋಡಲಿಕ್ಕೆ ಒಬ್ಬರು ಬೇಕಾಗುತ್ತಾರೆ.