ಒಂಬತ್ತನೆಯ ಅಂಗಿ

ಯಾವ ಆಟದಲ್ಲಿಯಾದರೂ ಗೆಲುವಿನ ಅಂಕ ತಂದವನ ಹೆಸರು ಜನರ ನಾಲಿಗೆಯ ಮೇಲೆ ನಿಲ್ಲುತ್ತದೆ. ಅದಕ್ಕೆ ದಾರಿ ಮಾಡಿಕೊಟ್ಟವನ ಹೆಸರು ಬೇಗ ಮರೆಯಾಗುತ್ತದೆ. ದಾರಿ ಮಾಡಿಕೊಡುವುದನ್ನೇ ತನ್ನ ಕೆಲಸವಾಗಿ ಉಳ್ಳ ಆಟಗಾರನೊಬ್ಬನು ರಗ್ಬಿ ಆಟದಲ್ಲಿದ್ದಾನೆ. ಅವನನ್ನು ಸ್ಕ್ರಮ್ ಹಾಫ್ ಎನ್ನುತ್ತಾರೆ. ಅವನ ಅಂಗಿಯ ಸಂಖ್ಯೆ 9. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯಗಳನ್ನು ಓದಿ ಬೆಳೆದ ನನಗೆ ಈ ಆಟದ ಪರಿಚಯವಾದುದು ಅರವತ್ತು ದಾಟಿದ ಮೇಲೆ, ಮಗಳ ಸಂಸಾರವಿರುವ ವೇಲ್ಸ್ ದೇಶದ ಕಾರ್ಡಿಫ್ ನಗರದಲ್ಲಿ ಕೆಲವು ತಿಂಗಳು ಇದ್ದಾಗ.

ಮೊಮ್ಮಗನಿಗೆ ಹದಿಮೂರು ವರ್ಷ, ಮೈಕಟ್ಟು ಸಣ್ಣದು. ಶಾಲೆಯ ತಂಡದಲ್ಲಿ ಒಂಬತ್ತನೆಯ ಅಂಗಿ ಅವನ ಪಾಲಿಗೆ ಬಂದಿತ್ತು. ಹುಡುಗ ಹಿಗ್ಗುವ ಬದಲು ಸಪ್ಪಗಾಗಿದ್ದನು; ಆಟವನ್ನೇ ಬಿಟ್ಟುಬಿಡುವೆನೆಂದು ತಾಯಿಯೊಡನೆ ಹಟ ಹಿಡಿದಿದ್ದನು. “ಅಜ್ಜಾ, ಚೆಂಡು ಕೊಡುವುದು ನಾನು, ಹೆಸರು ಪಡೆಯುವುದು ಬೇರೆಯವರು” ಎಂದು ನನ್ನಲ್ಲಿ ದೂರಿಕೊಂಡನು. ಮಗುವಿನ ಮಾತಿಗೆ ಬರಿಯ ಸಮಾಧಾನ ಸಾಲದೆನಿಸಿತು. ಅವನೊಡನೆ ಕುಳಿತು ದೊಡ್ಡ ಪಂದ್ಯಗಳ ಚಿತ್ರಗಳನ್ನು ನೋಡತೊಡಗಿದೆ.

ಈ ಆಟದಲ್ಲಿ ಒಂದೊಂದು ಪಕ್ಷಕ್ಕೆ 15 ಮಂದಿ. ಚೆಂಡು ಮೊಟ್ಟೆಯ ಆಕಾರದ್ದು. ಅದನ್ನು ಹಿಡಿದು ಮುಂದಕ್ಕೆ ಓಡಬಹುದು. ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆಯಾಚೆ ಅದನ್ನು ನೆಲಕ್ಕೊತ್ತಿದರೆ ‘ಟ್ರೈ’ ಆಗುತ್ತದೆ. ಎರಡೂ ಪಕ್ಷಗಳ ಎಂಟೆಂಟು ದೃಢಕಾಯರು ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ನೂಕುವುದೇ ಸ್ಕ್ರಮ್. ಅದರೊಳಗೆ ಚೆಂಡನ್ನು ಹಾಕುವವನೂ, ಕಾಲುಗಳ ನಡುವಿನಿಂದ ಅದು ಹಿಂದಕ್ಕೆ ಬಂದಾಗ ಎತ್ತಿಕೊಳ್ಳುವವನೂ ಸ್ಕ್ರಮ್ ಹಾಫನೇ. ಮುಂದೆ ಎಂಟು ಮಂದಿ, ಹಿಂದೆ ಓಡಲು ಕಾದಿರುವ ಆರು ಮಂದಿ; ನಡುವಿನ ಸೇತುವೆ ಇವನೊಬ್ಬನೇ.

ಇವನ ಮೊದಲನೆಯ ಗುಣ ಚೆಂಡನ್ನು ಕೊಡುವ ಕೈವಾಡ. ನೆಲದ ಮೇಲಿನ ಚೆಂಡನ್ನು ಎತ್ತಿ, ತೋಳನ್ನು ಹಿಂದಕ್ಕೆಳೆದು, ಆಮೇಲೆ ಎಸೆದರೆ ಅಷ್ಟರಲ್ಲಿ ಎದುರಾಳಿಗಳು ಎರಡು ಹೆಜ್ಜೆ ಮುಂದೆ ಬಂದಿರುತ್ತಾರೆ. ನ್ಯೂಜಿಲೆಂಡಿನ ಆರನ್ ಸ್ಮಿತ್ ಅವರು ನೆಲದಿಂದಲೇ ಒಂದೇ ಬೀಸಿನಲ್ಲಿ ಚೆಂಡನ್ನು ಕಳುಹಿಸುತ್ತಿದ್ದರು. ಕ್ಷೌರವೃತ್ತಿಯ ತರಬೇತಿ ಪಡೆದಿದ್ದ, ಎತ್ತರದಲ್ಲಿ ಚಿಕ್ಕವರಾದ ಇವರು 2015ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಚೆಂಡು ಬೇಗ ಹೋದರಷ್ಟೇ ಸಾಲದು. ಪಡೆಯುವವನ ಬೆನ್ನ ಹಿಂದೆ ಬಿದ್ದರೆ ಅವನು ನಿಲ್ಲಬೇಕಾಗುತ್ತದೆ. ಎದೆಯ ಮುಂದೆ ಬಂದರೆ ಓಟ ತಡೆಯುವುದಿಲ್ಲ. ಇದನ್ನು ಎಡಕ್ಕೂ ಬಲಕ್ಕೂ ಸಮನಾಗಿ ಮಾಡಬೇಕು.

ಎರಡನೆಯದು ವಿವೇಚನೆ. ಚೆಂಡನ್ನು ಕೊಡಬೇಕೋ, ತಾನೇ ಹಿಡಿದು ನುಗ್ಗಬೇಕೋ, ಎತ್ತರಕ್ಕೆ ಒದೆಯಬೇಕೋ ಎಂಬುದನ್ನು ಬಾಗುವುದಕ್ಕೆ ಮೊದಲೇ ಕಣ್ಣು ತೀರ್ಮಾನಿಸಿರಬೇಕು. ಒದೆತದಲ್ಲಿಯೂ ಲೆಕ್ಕವಿದೆ. ಚೆಂಡು ತೀರ ದೂರ ಹೋದರೆ ಎದುರಾಳಿ ನಿರಾತಂಕವಾಗಿ ಹಿಡಿಯುತ್ತಾನೆ; ಅದು ಇಳಿಯುವ ಹೊತ್ತಿಗೆ ತನ್ನವನೂ ಅಲ್ಲಿಗೆ ತಲುಪುವಂತಿರಬೇಕು. ಫ್ರಾನ್ಸಿನ ಆಂತ್ವಾನ್ ದ್ಯುಪೋಂ ಎರಡೂ ಕಾಲುಗಳಿಂದ ಒದೆಯಬಲ್ಲರು. ಕಂಡಿಯೊಂದು ತೋರಿದರೆ ಅದರಲ್ಲಿ ನುಗ್ಗಲೂ ಬಲ್ಲರು. ಯಾವುದನ್ನು ಮಾಡುವರೆಂದು ಎದುರಾಳಿಗೆ ತಿಳಿಯದಿರುವುದೇ ಅವರ ಬಲ.

ಮೂರನೆಯದು ಎದೆಗಾರಿಕೆ. 1994ರಲ್ಲಿ ಸಿಡ್ನಿಯ ಪಂದ್ಯದ ಕೊನೆಯ ನಿಮಿಷಗಳಲ್ಲಿ ನ್ಯೂಜಿಲೆಂಡಿನ ಜೆಫ್ ವಿಲ್ಸನ್ ಗೆರೆಯತ್ತ ಹಾರಿದ್ದರು. ಆಸ್ಟ್ರೇಲಿಯದ ಜಾರ್ಜ್ ಗ್ರೆಗನ್ ಅವರು ಓಡಿಬಂದು ಅಪ್ಪಳಿಸಿದ ರಭಸಕ್ಕೆ ಚೆಂಡು ಕೈಜಾರಿತು. ಆಸ್ಟ್ರೇಲಿಯ 20-16ರಿಂದ ಗೆದ್ದಿತು. ಅದೇ ಗ್ರೆಗನ್ ಮುಂದೆ ತಮ್ಮ ದೇಶಕ್ಕಾಗಿ ಒಟ್ಟು 139 ಪಂದ್ಯಗಳನ್ನಾಡಿದರು.

ದಕ್ಷಿಣ ಆಫ್ರಿಕದ ಯೂಸ್ಟ್ ವಾನ್ ಡರ್ ವೆಸ್ಟ್‌ಹೈಜನ್ ಅವರನ್ನು ನೆನೆದಾಗ ನನ್ನ ಮನಸ್ಸು ತುಂಬುತ್ತದೆ. 1995ರ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ದೈತ್ಯದೇಹಿ ಜೋನಾ ಲೋಮು ಓಡಿಬರುವಾಗ ಇವರು ಕಾಲುಗಳನ್ನು ತಬ್ಬಿ ಕೆಡವಿದರು. ಹೆಚ್ಚುವರಿ ಸಮಯದಲ್ಲಿ ಇವರು ಕೊಟ್ಟ ಚೆಂಡನ್ನು ಯೋಲ್ ಸ್ಟ್ರಾನ್ಸ್ಕಿ ಒದ್ದು ಗೆಲುವು ತಂದರು, ಅಂಕ 15-12. ಸ್ಟ್ರಾನ್ಸ್ಕಿಯವರ ಒದೆತವನ್ನು ಜಗತ್ತು ನೆನೆಯುತ್ತದೆ. ಆ ಚೆಂಡು ಒಂದು ಮೊಳ ಆಚೀಚೆ ಬಂದಿದ್ದರೆ ಒದೆತಕ್ಕೆ ಎಡೆಯೆಲ್ಲಿತ್ತು? 2011ರಲ್ಲಿ ಯೂಸ್ಟ್ ಅವರಿಗೆ ನರಗಳನ್ನು ಕುಗ್ಗಿಸುವ ಗುಣವಾಗದ ರೋಗವೆಂದು ತಿಳಿದುಬಂತು. ಮಹಾಕಾಯರನ್ನು ಕೂಗಿ ನಡೆಸಿದ ದನಿಯೇ ಕ್ರಮೇಣ ಉಡುಗಿತು. ಆಗಲೂ ಅವರು ಅದೇ ರೋಗದವರ ನೆರವಿಗೆಂದು ಸಂಸ್ಥೆಯೊಂದನ್ನು ಕಟ್ಟಿದರು. 2017ರಲ್ಲಿ, 45ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ವೇಲ್ಸಿನವರಿಗೆ ಸ್ಕ್ರಮ್ ಹಾಫ್ ಎಂದರೆ ಗರೆತ್ ಎಡ್ವರ್ಡ್ಸ್. ಕಲ್ಲಿದ್ದಲ ಗಣಿಯ ಕೆಲಸಗಾರನ ಮಗನಾದ ಇವರು 1967ರಿಂದ 1978ರವರೆಗೆ ಒಂದನ್ನೂ ತಪ್ಪಿಸದೆ ಸಾಲಾಗಿ 53 ಪಂದ್ಯಗಳನ್ನು ವೇಲ್ಸಿಗಾಗಿ ಆಡಿದರು. ಇವರ ಕೈಯಿಂದ ಸುತ್ತುತ್ತ ಬಹುದೂರ ಹೋಗುತ್ತಿದ್ದ ಚೆಂಡಿನಿಂದಾಗಿ ಬ್ಯಾರಿ ಜಾನ್ ಅವರು ಎದುರಾಳಿಗಳಿಂದ ದೂರ ನಿಂತು ಯೋಚಿಸಿ ಆಡುವುದು ಸಾಧ್ಯವಾಯಿತು. 1973ರಲ್ಲಿ ಕಾರ್ಡಿಫ್‌ನಲ್ಲಿ ಬಾರ್ಬೇರಿಯನ್ಸ್ ತಂಡದ ಪರವಾಗಿ ನ್ಯೂಜಿಲೆಂಡಿನ ವಿರುದ್ಧ ಎಡ್ವರ್ಡ್ಸ್ ಗಳಿಸಿದ ಟ್ರೈ ಇಂದಿಗೂ ಮನೆಮಾತು. ಫಿಲ್ ಬೆನೆಟ್ ಅವರಿಂದ ಆರಂಭವಾಗಿ ಆರು ಮಂದಿಯ ಕೈದಾಟಿ ಬಂದ ಚೆಂಡನ್ನು ಇವರು ಏಳನೆಯವರಾಗಿ ಹಿಡಿದು ಓಡಿದರು. ಚೆಂಡು ಹೋದೆಡೆಗೆಲ್ಲ ಓಡಿಹೋಗಿ ಸೇರಿಕೊಳ್ಳುವ ಅಭ್ಯಾಸ ಮೈಗೂಡಿದವರಿಗೆ ಮಾತ್ರ ಅಂತಹ ಗಳಿಗೆ ಒದಗುತ್ತದೆ.

“ಕೊಡುವವನನ್ನು ಯಾರೂ ನೆನೆಯರೆಂದೆಯಲ್ಲ, ನಿನ್ನ ಊರಿನ ಸೇಂಟ್ ಡೇವಿಡ್ಸ್ ಅಂಗಡಿ ಸಂಕೀರ್ಣದಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದ್ದು ಯಾರಿಗೆ?” ಎಂದು ಮೊಮ್ಮಗನನ್ನು ಕೇಳಿದೆ. “ಎಡ್ವರ್ಡ್ಸ್ ಅವರಿಗೆ. ಆದರೆ ಎಲ್ಲರಿಗೂ ಪ್ರತಿಮೆ ಆಗುವುದಿಲ್ಲವಲ್ಲ, ಅಜ್ಜಾ” ಎಂದನು. ಅವನ ಮಾತು ನಿಜ. ಅದಕ್ಕೆ ನಾನು ಹೇಳಿದ್ದಿಷ್ಟೇ: ಪಡೆದವನು ಓಟ ತಡೆಯದೆ ಮುಂದೆ ಹೋದನೆಂದರೆ ನಿನ್ನ ಕೆಲಸ ಚೆನ್ನಾಗಿ ಆಯಿತು, ಅದನ್ನು ಪಡೆದವನು ಬಲ್ಲ, ನೀನು ಬಲ್ಲೆ.

ಹುಡುಗ ಮರುಮಾತಾಡಲಿಲ್ಲ. ಮರುದಿನ ಬೆಳಗ್ಗೆ ಹಿತ್ತಿಲ ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳಿಸಿತು. ಬಲಕ್ಕೆ ಎಸೆಯುವುದು ಅವನಿಗೆ ಮೊದಲೇ ಬರುತ್ತಿತ್ತು. ಈಗ ಎಡಕ್ಕೆ ಎಸೆಯುತ್ತಿದ್ದನು.