ಅಕ್ಕ ಮಲಾವಿಗೆ ಹೋದಳು

ನಮ್ಮ ಮನೆಯಲ್ಲಿ ಮಕ್ಕಳು ಮೂವರಾದರೂ ಎಣಿಕೆ ಯಾವತ್ತೂ ಎರಡೇ. ಒಂದು ಅಕ್ಕ, ಇನ್ನೊಂದು ನಾವು. ಅವಳಿಗಳಾದ್ದರಿಂದ ಬೆಟಗೇರಿಯ ನಮ್ಮ ಓಣಿಯಲ್ಲಿ ನಮ್ಮನ್ನ ಬೇರೆ ಬೇರೆ ಹೆಸರಿನಿಂದ ಕರೆದವರು ಕಡಿಮೆ. ಈಗ ಇದೇ ಕ್ಯಾಂಪಸ್ಸಿನಲ್ಲಿ ಇಬ್ಬರೂ ಸೆಕೆಂಡ್ ಇಯರ್. ಬ್ರಾಂಚ್ ಬೇರೆ, ಹಾಸ್ಟೆಲ್ ರೂಮ್ ಒಂದೇ. ಅಕ್ಕನನ್ನ ಕಳಿಸಿ ಬಂದದ್ದೂ ಇಬ್ಬರೂ ಸೇರಿಯೇ. ಅದಕ್ಕೇ ಇಲ್ಲಿ 'ನಾವು' ಅಂತಲೇ ಬರೆದಿದ್ದೇವೆ.

ಅಕ್ಕ ನಮಗಿಂತ ಆರು ವರ್ಷ ದೊಡ್ಡವಳು. ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ಮೂರು ವರ್ಷ ಕೆಲಸ ಮಾಡಿದಳು. ಕಳೆದ ಕ್ರಿಸ್‌ಮಸ್‌ಗೆ ಮನೆಗೆ ಬಂದಾಗ, ಎಲ್ಲರೂ ಉಣ್ಣಾಕ ಕೂತಿದ್ವಿ, ಆಗ ಹೇಳಿದಳು. ಆಫ್ರಿಕಾದ ಮಲಾವಿ ದೇಶದಲ್ಲಿ ಒಂದು ಮಿಷನ್ ಆಸ್ಪತ್ರೆ. ಎರಡು ವರ್ಷದ ಕರಾರು, ಬೇಕಾದ್ರೆ ಮುಂದುವರಿಸಬಹುದು. ಪಗಾರ ಅಂತ ಇಲ್ಲ, ಖರ್ಚಿಗೆ ಭತ್ಯೆ.

"ಎಲ್ಲೈತಿ ಅದು?" ಅಂದರು ಪಪ್ಪಾ.

ನಾವು ಮೊಬೈಲ್ ತೆಗೆದು ಮ್ಯಾಪ್ ತೋರಿಸಿದೆವು. ಸುತ್ತಲೂ ಬೇರೆ ದೇಶ, ಸಮುದ್ರ ಇಲ್ಲ, ಆದರೆ ಪೂರ್ವದ ಅಂಚಿಗೆ ಉದ್ದಕ್ಕೂ ಒಂದು ದೊಡ್ಡ ಸರೋವರ. ರಾಜಧಾನಿ ಲಿಲೊಂಗ್ವೆ. ಅಲ್ಲಿನ ಆಸ್ಪತ್ರೆಗಳಲ್ಲಿ ದೊಡ್ಡ ಪಾಲು ಚರ್ಚುಗಳೇ ನಡೆಸೋವು ಅಂತ ಅಕ್ಕ ಹೇಳುತ್ತಿದ್ದಳು. ಪಪ್ಪಾ ಮ್ಯಾಪನ್ನ ಎರಡು ಬೆರಳಿಂದ ಹಿಗ್ಗಿಸಿ, ಕುಗ್ಗಿಸಿ, ಕೊನೆಗೆ ಬೆಟಗೇರಿ ಎಲ್ಲಿದೆ ಅಂತ ಹುಡುಕತೊಡಗಿದರು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಅವತ್ತು ನಮಗೆ ಮೊದಲು ನೆನಪಾದದ್ದು ಅಕ್ಕ ಅಲ್ಲ, ಫೀಸು. ಅವಳಿಗಳೆಂದರೆ ಮನೆಯವರಿಗೆ ಒಂದೇ ತಿಂಗಳಲ್ಲಿ ಎರಡು ಕಾಲೇಜ್ ಫೀಸು, ಎರಡು ಹಾಸ್ಟೆಲ್ ಫೀಸು. ಪಪ್ಪಾ ಗದಗಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಬೈಂಡಿಂಗ್ ಮಾಡ್ತಾರೆ. ಉಳಿದದ್ದನ್ನ ತುಂಬುತ್ತಿದ್ದವಳು ಅಕ್ಕ. ಅವಳು ಅದನ್ನ ಮೊದಲೇ ಯೋಚಿಸಿದ್ದಳು. ನಮ್ಮ ಎರಡನೇ ವರ್ಷದ ಫೀಸು ಬ್ಯಾಂಕಿನಲ್ಲಿ ತೆಗೆದಿಟ್ಟಿದ್ದಳು, ಮುಂದಿನದಕ್ಕೆ ಎಜುಕೇಶನ್ ಲೋನ್ ವಿಚಾರಿಸಿ ಫಾರ್ಮ್ ಸಮೇತ ತಂದಿದ್ದಳು. ಅದನ್ನ ನೋಡಿದ ಮೇಲೆ ನಮ್ಮ ಸಿಟ್ಟಿಗೆ ಕಾರಣವೇ ಉಳಿಯಲಿಲ್ಲ. ಸಿಟ್ಟು ಮಾತ್ರ ಉಳಿಯಿತು.

ಎರಡನೆಯದು, ಫ್ರೆಂಡ್ಸ್‌ಗೆ ಏನು ಹೇಳೋದು? ನಮ್ಮ ಕ್ಲಾಸಿನಲ್ಲಿ ಯಾರದಾದರೂ ಅಕ್ಕನೋ ಅಣ್ಣನೋ ಫಾರಿನ್‌ಗೆ ಹೋದರೆ ಅದು ಎಂಎಸ್‌ಗೆ, ಇಲ್ಲ ಆನ್‌ಸೈಟ್‌ಗೆ. ಮಿಷನ್ ಅಂದರೆ ಮುಂದಿನ ಪ್ರಶ್ನೆ ಏನು ಬರುತ್ತೆ ಅಂತ ನಮ್ಮಂಥ ಮನೆಯ ಎಲ್ಲ ಹುಡುಗರಿಗೂ ಗೊತ್ತು. ಕೇಳುವವರೆಲ್ಲ ಕೆಟ್ಟವರೂ ಅಲ್ಲ. ಆದರೆ ಪ್ರತಿಸಲ ಉತ್ತರ ಕೊಡೋದು ಬೇಜಾರು. ಅದಕ್ಕೆ "ಅಕ್ಕನಿಗೆ ಆಫ್ರಿಕಾದಲ್ಲಿ ಆಸ್ಪತ್ರೆ ಜಾಬ್ ಸಿಕ್ಕಿದೆ" ಅಂತ ಹೇಳಿ ಮುಗಿಸಿದೆವು. ಅದು ಅಕ್ಕನ ಕಿವಿಗೂ ಬಿತ್ತು.

"ಜಾಬ್ ಅಂತ ಯಾಕ ಹೇಳ್ತೀರಿ? ದೇವರು ಕರದಾನ ಅಂತ ನಾ ಹೊಂಟೀನಿ. ನಿಮಗ ನಂಬಿಕಿ ಇರ್ಲಿ ಬಿಡ್ಲಿ, ಅದನ್ನ ಮುಚ್ಚಿಡಬ್ಯಾಡ್ರಿ."

ಬೈದಳು ಅಂತ ಹೇಳೋಕಾಗಲ್ಲ. ಆದರೆ ಅವಳ ದನಿ ಏರಿತ್ತು.

ಸೆಮಿಸ್ಟರ್ ರಜೆಯಲ್ಲಿ ಅವಳ ಜೊತೆ ಬಂಧು ಬಳಗದ ಮನೆಗಳಿಗೆ ಹೋಗಿ ಬಂದೆವು. ಮುಂಡರಗಿಗೆ ಒಂದು ದಿನ, ಲಕ್ಷ್ಮೇಶ್ವರ ಶಿರಹಟ್ಟಿ ಸೇರಿ ಇನ್ನೊಂದು ದಿನ. ಮುಂಡರಗಿಯ ಅತ್ತಿ ನೇರ ಪಗಾರಕ್ಕೇ ಬಂದರು. ಭತ್ಯೆ ಎಷ್ಟೆಂದು ಕೇಳಿ, ಅದಕ್ಕಿಂತ ಅರ್ಬನ್ ಬ್ಯಾಂಕಿನ ಪಿಗ್ಮಿ ಏಜೆಂಟ್ ಹೆಚ್ಚು ಗಳಿಸ್ತಾನ ಅಂದರು. ಆಮೇಲೆ ಮದುವೆ ವಿಷಯ. ಶಿರಹಟ್ಟಿಯಲ್ಲಿ ಬರೀ ಚಹಾ, ಅಳು.

ಲಕ್ಷ್ಮೇಶ್ವರದ ದೊಡ್ಡಪ್ಪ ಮಾತ್ರ ಊಟ ಮುಗಿಯೋವರೆಗೂ ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳಿದರು. "ಅಲ್ಲವಾ, ನಮ್ಮೂರಾಗ ರೋಗಿಗಳು ಇಲ್ಲೇನು?"

"ಅದಾರ, ದೊಡ್ಡಪ್ಪಾ" ಅಂದಳು ಅಕ್ಕ. ಮುಂದೆ ಏನೂ ಹೇಳಲಿಲ್ಲ. ನಮಗೂ ಅದೇ ಪ್ರಶ್ನೆ ಇತ್ತು, ಕೇಳೋ ಧೈರ್ಯ ಇರಲಿಲ್ಲ ಅಷ್ಟೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಸಿಕ್ಕಿತು. ಕಿಟಕಿಯ ಆಚೆ ಹೆಸರು, ಶೇಂಗಾದ ಹೊಲ. ಸುಮಾರು ಹೊತ್ತು ಆದ ಮೇಲೆ ಅಕ್ಕ ತಾನೇ ಶುರು ಮಾಡಿದಳು. "ಬೆಟಗೇರಿಗೆ ಬಂದವರ ಊರಾಗೂ ರೋಗಿಗಳು ಇದ್ರಲ್ಲ?"

ಅವಳು ಹೇಳಿದ್ದು ಬಾಸೆಲ್ ಮಿಷನ್‌ನವರ ಬಗ್ಗೆ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಮಿಷನ್‌ನ ಮೊದಲ ಮೂವರು ಹಡಗಿನಲ್ಲಿ ಬಂದಿಳಿದದ್ದು 1834ರಲ್ಲಿ. ಸುಯೆಜ್ ಕಾಲುವೆ ಇನ್ನೂ ಇರಲಿಲ್ಲ, ತಿಂಗಳುಗಟ್ಟಲೆ ಪ್ರಯಾಣ. ಮೊದಲು ಮಂಗಳೂರು, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನಮ್ಮ ಬೆಟಗೇರಿ. ನಮ್ಮ ಮನೆತನಕ್ಕೆ ಅಕ್ಷರ ಬಂದದ್ದು ಅವರ ಶಾಲೆಯಿಂದ. ನಾವು ಮೂವರೂ ಹುಟ್ಟಿದ್ದು ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ. ಈಗ ಅದು ಸಿಎಸ್‌ಐ ಆಸ್ಪತ್ರೆ, ನಮ್ಮ ಓಣಿಯವರ ಬಾಯಲ್ಲಿ ಇವತ್ತಿಗೂ ಜರ್ಮನ್ ದವಾಖಾನಿ. ದಿನಾ ಅದರ ಮುಂದೆ ಸೈಕಲ್ ಹೊಡೆದವರು ನಾವು. ಅಲ್ಲಿಗೆ ಬಂದು ದುಡಿದವರು ತಮ್ಮ ಮನೆಯಲ್ಲಿ ಯಾರನ್ನ ಬಿಟ್ಟು ಬಂದಿದ್ದರು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಕನ್ನಡ ಸಂಘದವರಾದ ನಮಗೆ ಇದು ಹೊಸ ಹೆಸರೂ ಅಲ್ಲ. ಪ್ರತಿ ರಾಜ್ಯೋತ್ಸವದ ಕ್ವಿಜ್‌ನಲ್ಲಿ ಕಿಟೆಲ್ ಬಂದೇ ಬರ್ತಾನೆ. ನಿಘಂಟು ಯಾವ ವರ್ಷ? 1894, ಬಜರ್ ಒತ್ತಿ, ಹತ್ತು ಪಾಯಿಂಟ್. ಎಷ್ಟು ಪದ? ಸುಮಾರು 70 ಸಾವಿರ. ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಕೊಡುವ ಆ ನಿಘಂಟು ನಮ್ಮಂಥ ಇಂಗ್ಲಿಷ್ ಮೀಡಿಯಂ ಹುಡುಗರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದೇ ಕಿಟೆಲ್ 1853ರಲ್ಲಿ, 21ನೇ ವಯಸ್ಸಿನಲ್ಲಿ, ಅಂದರೆ ನಮ್ಮ ಸೀನಿಯರ್‌ಗಳ ವಯಸ್ಸಿನಲ್ಲಿ, ಬಾಸೆಲ್ ಮಿಷನ್‌ನವನಾಗಿಯೇ ಬಂದದ್ದು. ಅವನ ಮನೆಯ ಬಾಗಿಲಲ್ಲಿ ಯಾರು ಅಳುತ್ತಾ ನಿಂತಿದ್ದರು ಅನ್ನೋದಕ್ಕೆ ಕ್ವಿಜ್‌ನಲ್ಲಿ ಪಾಯಿಂಟ್ ಇಲ್ಲ.

ಆ ರಾತ್ರಿ ಓದುತ್ತಾ ಹೋದಾಗ ಇನ್ನೆರಡು ಸಂಗತಿ ಸಿಕ್ಕವು. ಕಿಟೆಲ್‌ನ ಮೊದಲ ಹೆಂಡತಿ ಪೌಲೀನ ಮದುವೆಯಾಗಿ ಕೆಲವೇ ವರ್ಷಕ್ಕೆ ತೀರಿಕೊಂಡಳು. ಆಮೇಲೆ ಅವನು ಮದುವೆಯಾದದ್ದು ಅವಳ ತಂಗಿಯನ್ನೇ. ಒಬ್ಬ ಮಗಳನ್ನ ಕಳಕೊಂಡ ಮನೆಯವರು ಇನ್ನೊಬ್ಬಳನ್ನೂ ಅದೇ ಬಾಳಿಗೆ ಕಳಿಸಿದರು. ಹೇಗೆ ಒಪ್ಪಿದರೋ! ಎರಡನೆಯದು ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್‌ನ ಮಗಳು ಮರೀಯ ಕತೆ. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ನಾಲ್ಕು ವರ್ಷದವಳಿದ್ದಾಗ ಅವಳನ್ನ ಯುರೋಪಿನಲ್ಲಿ ಬಿಟ್ಟು ತಂದೆ ತಾಯಿ ಮತ್ತೆ ಭಾರತದ ಹಡಗು ಹತ್ತಿದರು. ಮಿಷನರಿಗಳ ಮನೆಯಲ್ಲಿ ಆಗ ಅದು ರೂಢಿ. ಮುಂದೆ ಅವಳ ಮಗನೇ ದೊಡ್ಡ ಕಾದಂಬರಿಕಾರ ಹರ್ಮನ್ ಹೆಸ್ಸೆ. ಇದನ್ನೆಲ್ಲ ಓದಿ ನಮಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ಇನ್ನೂ ಸಿಟ್ಟು ಬಂತು. ನಾಲ್ಕು ವರ್ಷದ ಮಗುವನ್ನ ಬಿಟ್ಟು ಹೋಗುವಂಥ ಕರೆ ಎಂಥದ್ದು? ಬೆಳಿಗ್ಗೆ ಅಕ್ಕನಿಗೆ ಹಾಗೇ ಕೇಳಿದೆವು.

"ಅದು ನನಗೂ ತಪ್ಪು ಅನಸ್ತೈತಿ" ಅಂದಳು. "ಆದ್ರ ನಾ ಯಾರನ್ನೂ ಎತ್ತಿಕೊಂಡು ಹೋಗಿ ಎಲ್ಲೂ ಬಿಡವಲ್ಲೆ. ನಿಮಗ ಹತ್ತೊಂಬತ್ತು ವರ್ಷ."

ವಾದದಲ್ಲಿ ಅಕ್ಕನ ಮುಂದೆ ನಾವು ಗೆದ್ದದ್ದು ಯಾವಾಗಲೂ ಇಲ್ಲ.

ಪ್ಯಾಕಿಂಗ್ ಒಂದು ವಾರ ನಡೆಯಿತು. ಟಿಕೆಟ್ ಪ್ರಕಾರ 23 ಕೆಜಿಯ ಎರಡು ಬ್ಯಾಗು, ಮೇಲೊಂದು ಸಣ್ಣ ಕೈಚೀಲ. ಮಮ್ಮಿಯ ಲೆಕ್ಕದಲ್ಲಿ ಅಷ್ಟೂ ಅಡುಗೆಮನೆ ಸಾಮಾನಿಗೇ ಬೇಕು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ, ನಲವತ್ತು ಖಡಕ್ ರೊಟ್ಟಿ. ಮೂಲೆಯ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಬ್ಯಾಗು ಇಟ್ಟು ತೂಗುತ್ತಿದ್ದೆವು. ಅಂಗಡಿ ಕಾಕಾ ದಿನಾ ಒಂದೊಂದು ಸಲಹೆ ಕೊಡೋರು.

ಪಪ್ಪಾ ಆರು ತಿಂಗಳಿಂದ ಈ ವಿಷಯದಲ್ಲಿ ಹೆಚ್ಚು ಮಾತಾಡಿರಲಿಲ್ಲ. ಹೊರಡೋಕೆ ಮೂರು ದಿನ ಇದ್ದಾಗ ಪ್ರೆಸ್ಸಿನಿಂದ ಒಂದು ನೋಟ್‌ಬುಕ್ ತಂದರು. ತಾವೇ ಹೊಲಿದದ್ದು, ದಪ್ಪ ರಟ್ಟು, ನೀಲಿ ಕ್ಯಾಲಿಕೊ ಬೆನ್ನು. "ಅಲ್ಲಿ ಭಾಷಾ ಕಲಿಬೇಕಲ್ಲ, ಬರ್ಕೊ" ಅಂದರು. ಅಕ್ಕ ಅವತ್ತೇ ಮೊದಲ ಪುಟದಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿದಳು. ಒಂದು ಕಡೆ ಚಿಚೆವಾ, ಒಂದು ಕಡೆ ಕನ್ನಡ. ಯೂಟ್ಯೂಬಿನಿಂದ ಕಲಿತ ನಾಲ್ಕು ಪದ ಬರೆದಳು. ಮೋನಿ, ನಮಸ್ಕಾರ. ಜಿಕೋಮೊ, ಥ್ಯಾಂಕ್ಸ್. ಮಾಡ್ಜಿ, ನೀರು. ಅಮಾಯಿ, ಅವ್ವ. ಕಿಟೆಲ್ ಅಂತ ಚುಡಾಯಿಸಿದೆವು. ನಕ್ಕಳು.

ಹೋಗುವ ಹಿಂದಿನ ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಅವಳನ್ನ ಮುಂದೆ ಕರೆದರು. ಹಿರಿಯರೆಲ್ಲ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಮಮ್ಮಿ ಗೀತೆಯ ಪುಸ್ತಕ ತಲೆಕೆಳಗೆ ಹಿಡಿದಿದ್ದು ನಮಗೆ ಮಾತ್ರ ಕಂಡಿತು.

ಹೊರಡುವ ಸಂಜೆ ಬಾಜೂಮನೆ ಕಾಕು ಬಂದರು. ಅವರದು ಮಗ್ಗದ ಮನೆ. ಕೈಯಲ್ಲಿ ತಾಟು, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ಖಣ. "ಹೆಣ್ಣಮಗಳು ದೂರ ಹೊಂಟಾಳ, ಉಡಿ ತುಂಬದ ಹೆಂಗ ಕಳಸೂದು?" ಮಮ್ಮಿ ಒಂದು ಕ್ಷಣ ಪಪ್ಪಾನ ಮುಖ ನೋಡಿದರು. ನಮ್ಮ ಮನೆಯಲ್ಲಿ ಅದು ಪದ್ಧತಿ ಅಲ್ಲ, ಬಂದಿದ್ದ ಚರ್ಚಿನವರೂ ಅಲ್ಲೇ ಕೂತಿದ್ದರು. ಅಷ್ಟರಲ್ಲಿ ಅಕ್ಕ ತಾನೇ ದುಪಟ್ಟಾದ ಸೆರಗು ಹಿಡಿದು ನಿಂತಳು. ಕಾಕು ತುಂಬಿದರು, ಕಣ್ಣು ಒರೆಸಿಕೊಂಡರು, ಹೋದರು. ಆ ಖಣ ಕೈಚೀಲ ಸೇರಿತು.

ಗದಗ ಸ್ಟೇಷನ್ನಿನಲ್ಲಿ ರಾತ್ರಿ ರೈಲು. ಮಮ್ಮಿ ಪಪ್ಪಾ ಅಲ್ಲಿವರೆಗೆ, ಬೆಂಗಳೂರು ಏರ್‌ಪೋರ್ಟ್‌ವರೆಗೆ ನಾವು. ಪ್ಲಾಟ್‌ಫಾರ್ಮಿನಲ್ಲಿ ಪಪ್ಪಾ ಮೂರು ಸಲ ಪಾಸ್‌ಪೋರ್ಟ್ ಕೇಳಿದರು. ರೈಲು ಬಿಟ್ಟಾಗ ಮಮ್ಮಿ ಕಿಟಕಿ ಹಿಡಿದು ಸ್ವಲ್ಪ ದೂರ ನಡೆದರು, ಆಮೇಲೆ ಪಪ್ಪಾ ಅವರ ಕೈ ಬಿಡಿಸಿದರು. ಅಕ್ಕ ಬಾತ್‌ರೂಮಿಗೆ ಹೋಗಿ ಹುಬ್ಬಳ್ಳಿ ಬರೋ ಹೊತ್ತಿಗೆ ಬಂದಳು.

ಏರ್‌ಪೋರ್ಟಿನಲ್ಲಿ ಟಿಕೆಟ್ ಇಲ್ಲದವರನ್ನ ಒಳಗೆ ಬಿಡಲ್ಲ. ಗೇಟಿನ ಹತ್ತಿರ ನಮ್ಮಿಬ್ಬರ ತಲೆಯನ್ನೂ ಒಟ್ಟಿಗೆ ಹಿಡಿದು, ಚಿಕ್ಕವರಿದ್ದಾಗ ಮಾಡುತ್ತಿದ್ದ ಹಾಗೆ, ಡಿಕ್ಕಿ ಹೊಡೆಸಿದಳು. "ಬ್ಯಾಕ್‌ಲಾಗ್ ಇಟ್ಟೀರಿ ನೋಡ್ರಿ ಮತ್ತ" ಅಂದು ಟ್ರಾಲಿ ತಳ್ಳಿಕೊಂಡು ಹೋದಳು. ನಾವು ಹೇಳಬೇಕೆಂದು ರೈಲಿನಲ್ಲಿ ಇಡೀ ರಾತ್ರಿ ಜೋಡಿಸಿಕೊಂಡಿದ್ದ ಮಾತು ಹಾಗೇ ಉಳಿಯಿತು. ಸಾರಿ ಅಕ್ಕ, ಜಾಬ್ ಅಂತ ಹೇಳಿದ್ದಕ್ಕೆ. ಇಷ್ಟೇ ಇತ್ತು ಅದು.

ಅರ್ಧ ಗಂಟೆಗೆ ಫೋನ್. ಕೈಚೀಲದ ತೂಕ ಜಾಸ್ತಿ ಆಗಿದೆ, ಏನಾದ್ರೂ ತೆಗೀಬೇಕಂತೆ, ಗೇಟಿಗೆ ಬರ್ರಿ. ಓಡಿದೆವು. ಗಾಜಿನ ಆ ಕಡೆ ಅಕ್ಕ ಕೈಚೀಲ ಬಿಚ್ಚಿಕೊಂಡು ನಿಂತಿದ್ದಳು. ನೋಟ್‌ಬುಕ್ ತೆಗೆದಳು, ಒಳಗಿಟ್ಟಳು. ಖಣ ತೆಗೆದಳು, ಒಳಗಿಟ್ಟಳು. ಕೊನೆಗೆ ರೊಟ್ಟಿಯ ಡಬ್ಬಿ ಗಾರ್ಡ್ ಕೈಗೆ ಕೊಟ್ಟಳು, ಗಾರ್ಡ್ ನಮ್ಮ ಕೈಗೆ ಕೊಟ್ಟ. ಅವಳು ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು. ಮಮ್ಮಿಗೆ ಹೇಳಬ್ಯಾಡ್ರಿ ಅಂತ.

ಹಾಗಾಗಿ ಮರುದಿನ ಮಮ್ಮಿ ಫೋನಿನಲ್ಲಿ "ರೊಟ್ಟಿ ಒಡದಿಲ್ಲಲ್ಲ?" ಅಂದಾಗ "ಇಲ್ಲ, ಆರಾಮ ಹೋಗ್ಯಾವು" ಅಂದೆವು. ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಲಿಲೊಂಗ್ವೆ ಮುಟ್ಟಿದ ಮೇಲೆ ಅಕ್ಕನೂ ಮಮ್ಮಿಗೆ ರೊಟ್ಟಿ ಭಾಳ ಛಲೋ ಆಗ್ಯಾವ ಅಂದಳಂತೆ. ಈ ಮ್ಯಾಗಜೀನ್ ಮಮ್ಮಿ ಓದಲ್ಲ ಅನ್ನೋ ಧೈರ್ಯದಲ್ಲಿ ಬರೆದಿದ್ದೇವೆ.

ಡಬ್ಬಿ ನಮ್ಮ ಜೊತೆ ಹಾಸ್ಟೆಲ್‌ಗೆ ಬಂತು. ರಾತ್ರಿ ಪಕ್ಕದ ರೂಮಿನ ನಾಲ್ಕು ಜನ ವಾಸನೆ ಹಿಡಿದು ಬಂದರು. ಚಟ್ನಿ ಇಲ್ಲ, ಎಲ್ಲ ಮಲಾವಿಗೆ ಹೋಗಿದೆ, ಮೆಸ್ಸಿನ ಸಾಂಬಾರಿನಲ್ಲೇ ಮುರಿದು ತಿಂದೆವು.

"ಯಾರ ಮನೀವು?" ಅಂತ ಒಬ್ಬ ಕೇಳಿದ.

"ಅಕ್ಕನವು. ಅಕ್ಕ ಮಿಷನ್ ಕೆಲಸಕ್ಕೆ ಆಫ್ರಿಕಾಕ್ಕೆ ಹೋದ್ಳು. ತೂಕ ಹೆಚ್ಚಾಯ್ತು ಅಂತ ಬಿಟ್ಟು ಹೋದ್ಳು."

ನಾವು ಮುಂದಿನ ಪ್ರಶ್ನೆಗೆ ತಯಾರಾಗಿ ಕೂತಿದ್ದೆವು. ಅವನು ಇನ್ನೊಂದು ರೊಟ್ಟಿ ತೆಗೆದ. "ಮತ್ತ ಅಲ್ಲಿ ಏನ್ ತಿಂತಾರ ಅವರು?"

ನ್ಸಿಮಾ ಅಂತ ಇರುತ್ತೆ, ಗೋವಿನಜೋಳದ ಹಿಟ್ಟಿನ ಮುದ್ದೆ ಥರ, ಕೈಯಲ್ಲೇ ಮುರಿದು ಪಲ್ಯದ ಜೊತೆ ತಿಂತಾರೆ ಅಂತ ಹೇಳುತ್ತಿರುವಾಗಲೇ ಅವಳ ಮೆಸೇಜ್ ಬಂತು. ನಮಗಿಂತ ಮೂರೂವರೆ ತಾಸು ಹಿಂದೆ ಅಲ್ಲಿ, ಇನ್ನೂ ಸಂಜೆ. ನೋಟ್‌ಬುಕ್ ಪುಟದ ಫೋಟೋ. ಹನ್ನೊಂದು ಹೊಸ ಪದ. ಚಿಚೆವಾ ಕಾಲಂ ಪೂರ್ತಿ ತುಂಬಿತ್ತು. ಕನ್ನಡದ ಕಾಲಂನಲ್ಲಿ ಎರಡು ಕಡೆ ಖಾಲಿ ಬಿಟ್ಟು ಪ್ರಶ್ನೆ ಚಿಹ್ನೆ ಹಾಕಿದ್ದಳು. ಕೆಳಗೆ ಬರೆದಿದ್ದಳು, "ಇವಕ್ಕ ಕನ್ನಡದಾಗ ಏನಂತಾರ? ನಿಮ್ಮ ಸಂಘದಾಗ ಕೇಳಿ ಹೇಳ್ರಿ."