ಬಟ್ಟಲು ಕೊಡುವ ಕೈ

ಕೊಳ್ಳೇಗಾಲ
ಭಾನುವಾರ ರಾತ್ರಿ

ಹರಿ,

ಅಮ್ಮ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಳೆ; ಮಂಡಿನೋವು ಬಿಟ್ಟರೆ ಚೆನ್ನಾಗಿದ್ದಾಳೆ. ಪೆರುವಿನಿಂದ ಬಂದಮೇಲೆ ನೀನು ಬರೆದ ಉದ್ದನೆಯ ಕಾಗದವನ್ನು ಜೊತೆಗೇ ತಂದಿದ್ದೇನೆ. ಬಸ್ಸಿನಲ್ಲಿ ಒಮ್ಮೆ ಓದಿದೆ. ಯಳಂದೂರಿನ ಗೌರೀಶ್ವರ ದೇವಸ್ಥಾನದಲ್ಲಿ, ಕಲ್ಲಿನ ಬಳೆಗಳನ್ನು ಸರಪಳಿಯಂತೆ ಕೊರೆದಿರುವ ಆ ಬಳೆಮಂಟಪದ ನೆರಳಲ್ಲಿ ಕೂತು ಮತ್ತೆ ಓದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ನೀನು ಅಲ್ಲಿ ಕುಡಿದ ಅಯವಾಸ್ಕದಂಥ ಕಷಾಯ ಉಂಟೇ, ಅದನ್ನು ಕುಡಿಸುವ ಗುರುಗಳಿದ್ದಾರೆಯೇ, ವಿಚಾರಿಸು ಎಂದು ಕೇಳಿದ್ದೀಯ. ನಿನ್ನ ಗೆಳೆಯರು ಬೆಟ್ಟದ ತಪ್ಪಲಲ್ಲಿ ರೆಸಾರ್ಟ್ ಹಿಡಿದು ಶಿಬಿರ ನಡೆಸುವ ಯೋಚನೆಯಲ್ಲಿದ್ದಾರೆ ಎಂದೂ ಬರೆದಿದ್ದೀಯ. ಎರಡಕ್ಕೂ ಉತ್ತರ ಈ ಕಾಗದದಲ್ಲಿದೆ. ನಿಧಾನವಾಗಿ ಓದು.

ಅಪ್ಪ ಹೋದಾಗ ನೀನು ಅಳಲಿಲ್ಲ. ಕಾರ್ಯ ಮುಗಿಸಿ ವಿಮಾನ ಹತ್ತಿದವನು ಫೋನಿನಲ್ಲಿ ಕೆಲಸದ ಮಾತು ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಅಂಥವನು ಉಕಯಾಲಿ ನದಿಯ ಕಡೆಯ ಯಾವುದೋ ಹಳ್ಳಿಯ ದುಂಡನೆಯ ಹುಲ್ಲುಮನೆಯಲ್ಲಿ, ಕತ್ತಲಲ್ಲಿ, ಪಕ್ಕದಲ್ಲೊಂದು ಬಕೆಟ್ ಇಟ್ಟುಕೊಂಡು ವಾಂತಿ ಮಾಡುತ್ತ, ಬೆಳಗಿನ ಜಾವದವರೆಗೆ ಬಿಕ್ಕಿ ಬಿಕ್ಕಿ ಅತ್ತೆ ಎಂದು ಬರೆದದ್ದನ್ನು ಓದಿ ನನ್ನ ಕಣ್ಣೂ ತುಂಬಿತು. ಅಪ್ಪ ಬಂದು ಎದುರಿಗೆ ಕೂತರು, ಏನೂ ಮಾತಾಡಲಿಲ್ಲ, ಆದರೆ ಕೋಪ ಇರಲಿಲ್ಲ ಎಂದು ಬರೆದಿದ್ದೀಯ. ಅದು ನಿಜವೋ ಮಿದುಳಿನ ಆಟವೋ ಎಂದು ನಾನು ಕೇಳುವುದಿಲ್ಲ. ನಿನ್ನ ಎದೆಯ ಮೇಲಿದ್ದ ಭಾರ ಇಳಿಯಿತಲ್ಲ, ಅಷ್ಟರ ಮಟ್ಟಿಗೆ ಆ ರಾತ್ರಿಗೆ ನಾನು ಋಣಿ.

ಆದರೆ ನಿನ್ನ ಕಾಗದದಲ್ಲಿ ನನ್ನ ಮನಸ್ಸು ನಿಂತದ್ದು ಬೇರೊಂದು ಕಡೆ. ಕಷಾಯದ ಬಗ್ಗೆ, ಕಂಡ ಬಣ್ಣಗಳ ಬಗ್ಗೆ ಪುಟಗಟ್ಟಲೆ ಬರೆದು, ಅದನ್ನು ಕುಡಿಸಿದ ಆ ಶಿಪಿಬೊ ಬುಡಕಟ್ಟಿನ ಮುದುಕಿಯ ಬಗ್ಗೆ ನಾಲ್ಕೇ ಸಾಲು ಬರೆದಿದ್ದೀಯ. ಬಟ್ಟಲು ಕೊಡುವ ಮೊದಲು ಏನೇನು ಮಾತ್ರೆ ತೆಗೆದುಕೊಳ್ಳುತ್ತೀಯ ಎಂದು ದುಭಾಷಿಯ ಮೂಲಕ ಕೇಳಿದಳು. ಉಪ್ಪು, ಖಾರ ಬಿಡಿಸಿ ಪಥ್ಯ ಮಾಡಿಸಿದಳು. ನಿನ್ನ ಪಕ್ಕದವನ ಮುಖ ನೋಡಿ ಇವತ್ತು ಬೇಡ ಎಂದು ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡಳು. ನೀನು ಹೆದರಿ ನಡುಗುವಾಗ ನೆತ್ತಿಯ ಮೇಲೆ ಹೊಗೆಸೊಪ್ಪಿನ ಹೊಗೆ ಊದಿ, ಅವರು ಇಕಾರೊ ಎನ್ನುವ ಹಾಡನ್ನು ನಿನ್ನ ಕಿವಿಯ ಹತ್ತಿರವೇ ಕೂತು ಹಾಡಿದಳು. ನನ್ನ ಮಟ್ಟಿಗೆ ಔಷಧಿ ಅಂದರೆ ಈ ನಾಲ್ಕು ಸಾಲು.

ಕಷಾಯದ ಬಗ್ಗೆಯೂ ಓದಿ ತಿಳಿದುಕೊಂಡೆ. ಚಕ್ರುನ ಗಿಡದ ಎಲೆಯಲ್ಲಿ ಡಿಎಂಟಿ ಎಂಬ ಸತ್ವವಿದೆ. ಆ ಎಲೆಯನ್ನಷ್ಟೇ ಕುದಿಸಿ ಕುಡಿದರೆ ಹೊಟ್ಟೆಯಲ್ಲಿರುವ ಕಿಣ್ವ ಅದನ್ನು ಅಲ್ಲೇ ಒಡೆದುಹಾಕುತ್ತದೆ. ಜೊತೆಗೆ ಬೇಯಿಸುವ ಬಳ್ಳಿಯಲ್ಲಿ ಹಾರ್ಮಿನ್, ಹಾರ್ಮಲಿನ್ ಇವೆ. ಅವು ಆ ಕಿಣ್ವವನ್ನು ತಡೆದಾಗಲೇ ಎಲೆಯ ಸತ್ವ ಮಿದುಳು ಸೇರುವುದು. ಅಮೆಜಾನಿನ ಅಷ್ಟು ಸಾವಿರ ಗಿಡಬಳ್ಳಿಗಳಲ್ಲಿ ಈ ಎರಡನ್ನೇ ಹುಡುಕಿ ಜೋಡಿಸಿದವರಿಗೆ ಕೈಮುಗಿಯಬೇಕು. ಅಪಾಯ ಇರುವುದೂ ಅಲ್ಲೇ. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆ ನುಂಗುವವರು ಇದನ್ನು ಕುಡಿದರೆ ಮೈಯಲ್ಲಿ ಸೆರೊಟೋನಿನ್ ಮಿತಿಮೀರಿ ಪ್ರಾಣಕ್ಕೇ ಕುತ್ತು ಬರಬಹುದು. ಆ ಮುದುಕಿ ಮಾತ್ರೆಯ ವಿಷಯ ಕೇಳಿದ್ದು ಸುಮ್ಮನೆ ಅಲ್ಲ. ನಿನ್ನ ಗೆಳೆಯರ ಶಿಬಿರದಲ್ಲಿ ಅದನ್ನು ಯಾರು ಕೇಳುತ್ತಾರೆ? ಯಾರಿಗೆ ಬೇಡ ಎನ್ನುವ ಧೈರ್ಯ ಇರುತ್ತದೆ, ಮೊದಲೇ ದುಡ್ಡು ಕಟ್ಟಿಸಿಕೊಂಡ ಮೇಲೆ?

ಇನ್ನು ಬೆಟ್ಟದ ಸುದ್ದಿ. ಯಳಂದೂರು ಬಿಟ್ಟು ಗುಂಬಳ್ಳಿ ದಾಟಿದರೆ ಚೆಕ್‌ಪೋಸ್ಟ್, ಅಲ್ಲಿಂದ ಘಾಟಿ. ಬಯಲಿನ ಬಿಸಿಲು ತಿರುವು ತಿರುವಿಗೂ ತಣ್ಣಗಾಗುತ್ತ ಹೋಗುತ್ತದೆ. ಪರಿಚಯದ ಶಿಕ್ಷಕರೊಬ್ಬರು ಒಂದು ಪೋಡಿಗೆ ಕರೆದುಕೊಂಡು ಹೋದರು. ಸೋಲಿಗರ ಹಾಡಿಗಳಿಗೆ ಇಲ್ಲಿ ಪೋಡು ಎನ್ನುತ್ತಾರೆ. ಅಲ್ಲಿ ವಯಸ್ಸಾದ ತಮ್ಮಡಿಯೊಬ್ಬರು ಮನೆಯ ಮುಂದೆ ಕೂತಿದ್ದರು. ಕುಲದ ದೇವರ ಪೂಜೆ ಅವರದು. ಒಡೆದ ಮಡಕೆಯ ಚೂರಿನಲ್ಲಿ ಎರಡು ಕೆಂಡ ಇಟ್ಟುಕೊಂಡು, ಮಡಿಲ ಗಂಟಿನಿಂದ ಕಾಡಿನ ಧೂಪದ ಹರಳು ತೆಗೆದು, ಉಗುರಿನಲ್ಲಿ ಸ್ವಲ್ಪವೇ ಚಿವುಟಿ ಹಾಕಿದರು. ಹೊಗೆ ಏಳುವವರೆಗೆ ಕಾದು, ಉಳಿದ ಹರಳನ್ನು ಜೋಪಾನವಾಗಿ ಮತ್ತೆ ಗಂಟಿಗೆ ಸೇರಿಸಿದರು. ನಿನ್ನ ಪ್ರಶ್ನೆಯನ್ನು ನಾನು ನೀನು ಬರೆದಂತೆಯೇ ಮುಂದಿಟ್ಟೆ.

"ಅಂಥದು ನಮ್ಮಲ್ಲಿ ಇಲ್ಲ ಕನವ್ವ" ಅಂದರು. "ನಮ್ಗೆ ಹಾಡೇ ಸಾಕು. ರಾತ್ರಿಯೆಲ್ಲ ಹಾಡ್ತಾ ಕುಣೀತಾ ಇದ್ರೆ ಅದಾಗೇ ಬತ್ತದೆ."

"ದೇವರು ಮೈಮೇಲೆ ಬಂದಾಗ ನಿಮಗೆ ಏನು ಕಾಣಿಸುತ್ತದೆ?" ಎಂದು ಕೇಳಿದೆ.

"ಅದ ನಾನೆಂಗೆ ಹೇಳ್ಲಿ? ಆಗ ನಾನಿರಕಿಲ್ವಲ್ಲ. ಸುತ್ತ ನಿಂತಿದ್ದೋರ ಕೇಳು."

ಈ ಮಾತನ್ನು ನೀನು ಕೇಳಬೇಕಿತ್ತು, ಹರಿ. ನಿನ್ನ ಕಾಗದದ ತುಂಬ ನಾನು ಕಂಡೆ, ನನಗೆ ತಿಳಿಯಿತು, ನನ್ನೊಳಗೆ ತೆರೆಯಿತು ಎಂಬುದೇ ಇದೆ. ಇವರಿಗೆ ಆ ಹೊತ್ತು ಏನಾಯಿತೆಂಬುದು ಗೊತ್ತಿರುವುದು ಪೋಡಿನ ಜನಕ್ಕೆ. ರೊಟ್ಟಿ ಹಬ್ಬದ ರಾತ್ರಿ ಎಲ್ಲರೂ ಸೇರಿ ರಾಗಿ ರೊಟ್ಟಿ ಸುಟ್ಟು ದೇವರಿಗೆ ಕೊಟ್ಟು, ಬೆಂಕಿಯ ಸುತ್ತ ಗೊರುಕನ ಹಾಡಿ ಕುಣಿಯುತ್ತಾರೆ. ತಮ್ಮಡಿಯ ಮೈ ತುಂಬಿದಾಗ ಹಿಡಿದುಕೊಳ್ಳುವವರು, ಬಿದ್ದರೆ ನೀರು ಕೊಡುವವರು, ಆಡಿದ ಮಾತನ್ನು ನೆನಪಿಟ್ಟುಕೊಳ್ಳುವವರು ಎಲ್ಲರೂ ಅವರ ಕುಲದವರೇ. ಮಾತು ಸುಳ್ಳಾದರೆ ಮರುದಿನ ಅದೇ ಜನದ ಎದುರು ಅವರು ತಲೆ ತಗ್ಗಿಸಬೇಕು. ಯಜಮಾನ, ಚಲವಾದಿ, ಕೋಲುಕಾರ ಎಂದು ಕುಲದ ಹಿರಿಯರು ಬೇರೆ ಇದ್ದಾರೆ. ತಮ್ಮಡಿ ಅವರಿಗೂ ಉತ್ತರ ಹೇಳಬೇಕು.

ಅವರ ದೇವರು ಒಂದು ಕಡೆ ಕೂತವನಲ್ಲ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಯೆಲ್ಲೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ಅಬ್ಬಿ. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಮರವಂತೂ ಅವರಿಗೆ ಸಾಕ್ಷಾತ್ ಸ್ವಾಮಿ. ಬೆಟ್ಟದ ರಂಗನಾಥ ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಅವನನ್ನು ಭಾವ ಎಂದೇ ಕರೆಯುತ್ತಾರೆ. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾದಾಗ ಬೇಟೆ ನಿಂತಿತು, ಕಾಡು ಕಡಿದು ಸುಟ್ಟು ರಾಗಿ ಬಿತ್ತುವ ಬೇಸಾಯ ನಿಂತಿತು, ಎಷ್ಟೋ ಪೋಡುಗಳು ರಸ್ತೆಯ ಬದಿಗೆ ಬಂದವು. ದೇವರು ಕಾಡಿನಲ್ಲೇ ಉಳಿದ. ಆಮೇಲೆ ಸೋಲಿಗರಲ್ಲೇ ಓದಿ ಮುಂದೆ ಬಂದ ಡಾ. ಸಿ. ಮಾದೇಗೌಡರಂಥವರು ಸಂಶೋಧಕರ ಜೊತೆ ಸೇರಿ, ಹಿರಿಯರನ್ನು ಕರೆದುಕೊಂಡು ಕಾಡು ತಿರುಗಿ, ಆ ದೇವರ ಜಾಗಗಳನ್ನೆಲ್ಲ ನಕ್ಷೆಗೆ ಇಳಿಸಿದರು. 2011ರಲ್ಲಿ ಇದು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಇವರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು; ಹುಲಿ ರಕ್ಷಿತಾರಣ್ಯದ ಒಳಗೆ ಆ ಹಕ್ಕು ಪಡೆದವರಲ್ಲಿ ದೇಶಕ್ಕೇ ಇವರು ಮೊದಲಿಗರು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಕಾಡಿಗೆ ಪೆರುವಿನ ಬಳ್ಳಿ ತಂದು, ಯಾರೋ ಸೋಲಿಗ ಹಿರಿಯರೊಬ್ಬರನ್ನು ಶಾಮನ್ ಎಂದು ಕೂರಿಸಿ ಫೋಟೊ ಹಾಕುವುದು ನಾನು ಸಹಿಸಲಾರದ ಮಾತು.

ಬೆಟ್ಟಕ್ಕೆ ಬರುವ ಮೊದಲು ಚಿಕ್ಕಲ್ಲೂರು ಜಾತ್ರೆಗೆ ಹೋಗಿದ್ದೆ. ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲವೆಂದು ಕಟ್ಟಿ ನಿಲ್ಲಿಸಿದ ಆಕೃತಿಗೆ ಬೆಂಕಿ ಕೊಟ್ಟಾಗ ಹೊಲಗದ್ದೆಯಲ್ಲೆಲ್ಲ ಬಿಡಾರ ಹೂಡಿದ್ದ ಜನ ಸಿದ್ದಪ್ಪಾಜಿಗೆ ಹಾಕಿದ ಜೈಕಾರ ಇನ್ನೂ ಕಿವಿಯಲ್ಲಿದೆ. ಮರದಡಿಯಲ್ಲಿ ಮಂಟೇಸ್ವಾಮಿಯ ಕತೆ ಹಾಡುವ ನೀಲಗಾರರ ಮೇಳ. ತಂಬೂರಿ ಹಿಡಿದವರೊಬ್ಬರು ಕತೆ ಎತ್ತಿದರು; ಉಳಿದವರು ಗಗ್ಗರ, ಡಕ್ಕೆ, ತಾಳದ ಜೊತೆ ಸೊಲ್ಲು ಹಿಡಿದರು. ಮಂಟೇಸ್ವಾಮಿ ಹಲಗೂರಿನ ಪಾಂಚಾಳರ ಮನೆಗೆ ಕಬ್ಬಿಣದ ಭಿಕ್ಷೆಗೆ ತನ್ನ ಶಿಷ್ಯ ಸಿದ್ದಪ್ಪಾಜಿಯನ್ನು ಕಳಿಸಿದ ಭಾಗ. ಗಂಟೆಗಟ್ಟಲೆ ನಡೆಯಿತು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಕತೆಯ ನಡುವೆ ಇದ್ದಕ್ಕಿದ್ದಂತೆ ಎದ್ದು ತೂಗಾಡತೊಡಗಿದಳು. ಹಾಡುತ್ತಿದ್ದವರು ಹಾಡು ನಿಲ್ಲಿಸಲಿಲ್ಲ, ಬಿರುಸೂ ಮಾಡಲಿಲ್ಲ. ತಂಬೂರಿಯ ನಡೆಯನ್ನು ಮೆಲ್ಲಮೆಲ್ಲಗೆ ಇಳಿಸುತ್ತ ಬಂದರು. ಅವಳ ಮಗಳು ಸೊಂಟಕ್ಕೆ ಕೈ ಕೊಟ್ಟಳು. ಹಿರಿಯರೊಬ್ಬರು ಬಂದು ಹಣೆಗೆ ಕಪ್ಪುಧೂಳ್ತದ ಭಸ್ಮ ಹಚ್ಚಿದರು. ಸ್ವಲ್ಪ ಹೊತ್ತಿಗೆ ಕೂತಳು, ನೀರು ಕೇಳಿದಳು. ಗಂಡ ಸತ್ತು ವರ್ಷ ತುಂಬಿಲ್ಲವಂತೆ. ನೀನು ಸಾವಿರಾರು ಮೈಲಿ ಹೋಗಿ ಅತ್ತ ಅಳುವನ್ನೇ ಅವಳು ತನ್ನ ಊರಿನವರ ನಡುವೆ ಅತ್ತಳು. ಪಂಕ್ತಿಸೇವೆಯ ದಿನ ಅದೇ ಜನ ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ.

ಎಲ್ಲ ಹೀಗೇ ಚೆಂದ ಎಂದು ನಿನಗೆ ಬರೆದರೆ ಅದು ಅರ್ಧ ಮಾತು. ಮಲೆ ಮಹದೇಶ್ವರನ ದರ್ಶನಕ್ಕೆಂದು ಹನೂರಿಗೆ ಬಂದಾಗ, ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಸುಳ್ವಾಡಿಯ ಮಾತು ಬಂತು. 2018ರ ಡಿಸೆಂಬರ್ 14ರಂದು ಅಲ್ಲಿಯ ಕಿಚ್‌ಗುತ್ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರಲ್ಲಿ 17 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಗುಡಿಯ ಆಡಳಿತದ ಜಗಳದಲ್ಲಿ ಅನ್ನಕ್ಕೆ ಕ್ರಿಮಿನಾಶಕ ಬೆರೆಸಿದರೆಂದು ಪೊಲೀಸರು ಮೊಕದ್ದಮೆ ಹೂಡಿದರು. ಸತ್ತವರು ಕೂಲಿನಾಲಿ ಮಾಡುವ ಬಡವರು. ಕೈಯೊಡ್ಡಿದವರಿಗೆ ಸಂಶಯವೇ ಇರಲಿಲ್ಲ. ಗುಡಿಯಲ್ಲಿ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತಿಂದರು. ದೇವರ ಹೆಸರಿನಲ್ಲಿ ಬಾಯಿಗೆ ಹಾಕುವವರ ಹೊಣೆ ಎಷ್ಟು ದೊಡ್ಡದು ಎನ್ನುವುದನ್ನು ಈ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಜನ ಮಾದಪ್ಪನನ್ನು ಬಿಡಲಿಲ್ಲ, ಮಾರಮ್ಮನನ್ನೂ ಬಿಡಲಿಲ್ಲ. ಆದರೆ ಬಡಿಸುವ ಕೈ ಯಾರದು ಎಂದು ಈಗ ನೋಡುತ್ತಾರೆ. ನೀನೂ ನೋಡು ಎನ್ನುತ್ತೇನೆ.

ಹೊರಗಿನವರು ಪ್ರೀತಿಯಿಂದಲೇ ಬಂದರೂ ಏನಾಗುತ್ತದೆ ಎನ್ನುವುದಕ್ಕೆ ಮೆಕ್ಸಿಕೊದ ಮರಿಯಾ ಸಬೀನಾಳ ಬದುಕು ನೋಡು. ಮಜಾಟೆಕ್ ಬುಡಕಟ್ಟಿನ ಬಡ ಹೆಂಗಸು. ರೋಗಿಗಳಿಗಾಗಿ ರಾತ್ರಿಯಿಡೀ ಹಾಡಿ ದರ್ಶನ ಕೊಡುವ ಅಣಬೆಯ ಪೂಜೆ ಮಾಡುತ್ತಿದ್ದಳು. 1955ರಲ್ಲಿ ಅಮೆರಿಕದ ಗಾರ್ಡನ್ ವಾಸನ್ ಎಂಬ ಬ್ಯಾಂಕ್ ಅಧಿಕಾರಿ ಅವಳ ಪೂಜೆಯಲ್ಲಿ ಕೂತ. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದ. ಆಮೇಲೆ ಅವಳ ಊರಿಗೆ ದಂಡುದಂಡಾಗಿ ಜನ ಬಂದರು, ಹಿಂದೆಯೇ ಪೊಲೀಸರು ಬಂದರು, ಊರವರು ಅವಳ ಮೇಲೆ ತಿರುಗಿಬಿದ್ದರು, ಮನೆಗೆ ಬೆಂಕಿ ಬಿತ್ತು. ನಿನ್ನ ಕಷಾಯದ ಬಳ್ಳಿಗೇ 1986ರಲ್ಲಿ ಅಮೆರಿಕದವನೊಬ್ಬ ಪೇಟೆಂಟ್ ಪಡೆದಿದ್ದ. ಅಮೆಜಾನಿನ ಜನ ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಬೇಕಾಯಿತು. 2008ರಲ್ಲಿ ಪೆರು ಸರ್ಕಾರ ಅಯವಾಸ್ಕದ ಪರಂಪರೆಯನ್ನು ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಎಂದು ಸಾರಿತು. ಅದು ಅವರ ನೆಲದ್ದು, ಅವರ ಹಾಡಿನ ಜೊತೆ ಇರಬೇಕಾದದ್ದು.

ಆದ್ದರಿಂದ ನಿನ್ನ ಗೆಳೆಯರಿಗೆ ಶಿಬಿರದ ಯೋಚನೆ ಬಿಡಲು ಹೇಳು. ನಮ್ಮ ದೇಶದಲ್ಲಿ ಡಿಎಂಟಿ 1985ರ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಸಿಕ್ಕಿಬಿದ್ದರೆ ರೆಸಾರ್ಟಿನವರು ಕೈತೊಳೆದುಕೊಳ್ಳುತ್ತಾರೆ, ಜೈಲಿಗೆ ಹೋಗುವವರು ಅಲ್ಲಿ ಅಡುಗೆಗೆ, ಕಾವಲಿಗೆ ಇದ್ದ ಪೋಡಿನ ಹುಡುಗರು. ಕಾಯ್ದೆ ಇಲ್ಲದಿದ್ದರೂ ನಾನು ಬೇಡ ಎಂದೇ ಹೇಳುತ್ತಿದ್ದೆ. ಬೇಡ ಎನ್ನಬಲ್ಲ ಮುದುಕಿ ಇಲ್ಲದ ಕಡೆ, ಬೆಳಿಗ್ಗೆ ಎದ್ದು ಹೇಗಿದ್ದೀಯಪ್ಪ ಎಂದು ಕೇಳುವ ಊರು ಇಲ್ಲದ ಕಡೆ, ಬಟ್ಟಲು ಮಾತ್ರ ಕೈಗೆ ಬಂದರೆ ಅದು ಬರೀ ವಿಷಪರೀಕ್ಷೆ. ಇನ್ನೊಮ್ಮೆ ಪೆರುವಿಗೆ ಹೋಗಬೇಕೆನಿಸಿದರೆ ಮೊದಲು ನಿನ್ನ ಡಾಕ್ಟರಿಗೆ ಎಲ್ಲ ಬಿಚ್ಚಿ ಹೇಳು. ಮಾತ್ರೆಯೇನಾದರೂ ನಡೆಯುತ್ತಿದ್ದರೆ ಅದನ್ನು ನೀನಾಗಿಯೇ ನಿಲ್ಲಿಸಬೇಡ.

ಅದಕ್ಕಿಂತ ಮೊದಲು ಊರಿಗೆ ಬಾ. ಮುಂದಿನ ಜನವರಿಯಲ್ಲಿ ಚಿಕ್ಕಲ್ಲೂರಿಗೆ ಒಟ್ಟಿಗೆ ಹೋಗೋಣ. ಅಪ್ಪನನ್ನು ಕಂಡ ವಿಷಯ ನಾನು ಅಮ್ಮನಿಗೆ ಹೇಳಿಲ್ಲ. ಅದು ನಿನ್ನ ಬಾಯಿಂದಲೇ ಬರಬೇಕು. ಸುತ್ತ ಇದ್ದವರನ್ನು ಕೇಳು ಎಂದರಲ್ಲ ತಮ್ಮಡಿಯವರು, ಪೆರುವಿನಲ್ಲಿ ನಿನ್ನ ಸುತ್ತ ನಮ್ಮವರು ಯಾರೂ ಇರಲಿಲ್ಲ. ಇಲ್ಲಿ ನಾವಿದ್ದೇವೆ. ಅಮ್ಮ ಒಂದೊಂದನ್ನೂ ಕೆದಕಿ ಕೇಳುತ್ತಾಳೆ, ಯಾವ ಅಂಗಿ ಹಾಕಿದ್ದರು, ಸೊರಗಿದ್ದರೇ, ಏನಾದರೂ ತಿಂದರೇ ಎಂದು. ಎಲ್ಲಕ್ಕೂ ಉತ್ತರ ಹೇಳು. ಅವಳಿಗೂ ಆ ಅಳು ಬಾಕಿ ಇದೆ.

ನಾಳೆ ಬೆಳಿಗ್ಗೆ ಮೈಸೂರಿಗೆ ಹೊರಡುತ್ತೇನೆ. ಟಿಕೆಟ್ ಮಾಡಿದ ಕೂಡಲೇ ತಿಳಿಸು.

ನಿನ್ನ
ಅಕ್ಕ